ಈ ಸಲ ಯಾವ ನಾಟಕ? ಹವ್ಯಾಸಿ ತಂಡಗಳಿಗೆ ಆಯ್ಕೆಯ ದಾರಿ

ಹವ್ಯಾಸಿ ತಂಡದ ಆಯ್ಕೆಯ ಸಭೆ ಸಾಮಾನ್ಯವಾಗಿ ಒಂದು ಹೆಸರಿನಿಂದ ಶುರುವಾಗುತ್ತದೆ. ‘ಈ ವರ್ಷ ತುಘಲಕ್ ಮಾಡೋಣ’ ಅನ್ನುತ್ತಾರೆ ಒಬ್ಬರು. ಇನ್ನೊಬ್ಬರಿಗೆ ‘ಜೋಕುಮಾರಸ್ವಾಮಿ’ಯೇ ಆಗಬೇಕು. ಮತ್ತೊಬ್ಬರು ಕಳೆದ ವಾರ ನೋಡಿದ ಹಾಸ್ಯ ನಾಟಕವನ್ನು ಹೊಗಳುತ್ತಾರೆ. ಜೋರಾಗಿ ಮಾತಾಡಿದವರ ಹೆಸರು ಗೆಲ್ಲುತ್ತದೆ, ತಾಲೀಮು ಶುರುವಾಗುತ್ತದೆ. ಮೂರನೇ ವಾರದ ಹೊತ್ತಿಗೆ ಇಬ್ಬರು ಬರುವುದು ನಿಲ್ಲಿಸುತ್ತಾರೆ, ಒಂದು ಮುಖ್ಯ ಪಾತ್ರಕ್ಕೆ ಹೆಣ್ಣುಮಗಳು ಸಿಗುವುದಿಲ್ಲ, ಹಾಡು ಹೇಳಬೇಕಾದವರಿಗೆ ಶ್ರುತಿ ನಿಲ್ಲುವುದಿಲ್ಲ. ಹೀಗೆ ಅರ್ಧಕ್ಕೆ ನಿಂತ ನಾಟಕಗಳು ಪ್ರತಿ ಊರಿನಲ್ಲೂ ಇವೆ. ಅವುಗಳಲ್ಲಿ ಬಹುಪಾಲು ಒಳ್ಳೆಯ ನಾಟಕಗಳೇ. ಆ ತಂಡಕ್ಕೆ, ಆ ಹೊತ್ತಿಗೆ ಹೊಂದಲಿಲ್ಲ, ಅಷ್ಟೇ.

ಕೃತಿಯ ಕೀರ್ತಿಯನ್ನು ಕೊನೆಗೆ ನೋಡಿ. ತಾಲೀಮಿಗೆ ಬರುವ ಜನ ಯಾರು, ನೋಡಲು ಬರುವ ಜನ ಯಾರು ಅನ್ನುವುದನ್ನು ಮೊದಲು ನೋಡಿ. ಎಲ್ಲರೂ ಒಂದೆಡೆ ಕೂತು ಗಟ್ಟಿಯಾಗಿ ಓದುವ ತನಕ ಯಾವ ನಾಟಕಕ್ಕೂ ‘ಹೂಂ’ ಅನ್ನಬೇಡಿ. ಈ ಲೇಖನ ಹೇಳುವುದು ಇಷ್ಟನ್ನೇ, ಸ್ವಲ್ಪ ವಿವರವಾಗಿ.

ಮೊದಲು ಜನರ ಪಟ್ಟಿ

ಒಂದು ಹಾಳೆಯಲ್ಲಿ ತಂಡದ ಎಲ್ಲರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬಿಡುವು ಎಂದು ಅವರ ಬಾಯಿಂದಲೇ ಕೇಳಿ ದಾಖಲಿಸಿ. ಯಾರು ಹಾಡುತ್ತಾರೆ, ಯಾರಿಗೆ ವಾದ್ಯ ಬರುತ್ತದೆ, ಯಾರಿಗೆ ವೇದಿಕೆ ಹತ್ತುವುದಕ್ಕಿಂತ ನೇಪಥ್ಯವೇ ಇಷ್ಟ, ಎಲ್ಲವೂ ಬರಲಿ. ಪರೀಕ್ಷೆ, ಮದುವೆ, ಹೆರಿಗೆ, ವರ್ಗಾವಣೆ ಇಂಥವು ತಾಲೀಮಿನ ಎರಡು–ಮೂರು ತಿಂಗಳಲ್ಲಿ ಇವೆಯೇ ಎಂದೂ ಕೇಳಿಕೊಳ್ಳಿ. ಕೇಳಲು ಸಂಕೋಚ ಬೇಡ. ಬಂದವರಲ್ಲಿ ಎಷ್ಟು ಜನ ಕೊನೆಯ ತನಕ ನಿಲ್ಲುತ್ತಾರೆ ಎಂಬ ಅಂದಾಜು ಇಲ್ಲದೆ ಹದಿನೈದು ಪಾತ್ರದ ನಾಟಕ ಹಿಡಿಯುವುದು ನಿಂತವರಿಗೆ ಮಾಡುವ ಅನ್ಯಾಯ.

ಈ ಪಟ್ಟಿಯಲ್ಲಿ ಎದ್ದು ಕಾಣುವುದು ಹೆಣ್ಣು–ಗಂಡಿನ ಲೆಕ್ಕ. ಇಂದು ಎಷ್ಟೋ ತಂಡಗಳಿಗೆ, ಅದರಲ್ಲೂ ಕಾಲೇಜು ತಂಡಗಳಿಗೆ, ಹುಡುಗಿಯರೇ ಹೆಚ್ಚಾಗಿ ಬರುತ್ತಾರೆ. ಆದರೆ ನಮ್ಮ ಪ್ರಸಿದ್ಧ ನಾಟಕಗಳಲ್ಲಿ ಬಹಳಷ್ಟು ಗಂಡು ಪಾತ್ರಗಳಿಂದ ತುಂಬಿವೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ಹದಿಮೂರು ದೃಶ್ಯಗಳ ದೊಡ್ಡ ನಾಟಕ. ಅದರಲ್ಲಿ ತೂಕವಿರುವ ಹೆಣ್ಣು ಪಾತ್ರ ಸುಲ್ತಾನನ ಮಲತಾಯಿಯದೊಂದೇ. ಎಂಟು ಹುಡುಗಿಯರು, ನಾಲ್ಕು ಹುಡುಗರು ಇರುವ ತಂಡ ಅದನ್ನು ಎತ್ತಿಕೊಂಡರೆ ಏಳು ಹುಡುಗಿಯರು ಗುಂಪಿನ ದೃಶ್ಯದಲ್ಲಿ ಕೂಗಲು, ಪರದೆ ಎಳೆಯಲು ಉಳಿಯುತ್ತಾರೆ. ಅದೇ ಲೇಖಕರ ಮೊದಲ ನಾಟಕ ‘ಯಯಾತಿ’ ನೋಡಿ: ದೇವಯಾನಿ, ಶರ್ಮಿಷ್ಠೆ, ಚಿತ್ರಲೇಖೆ, ಸ್ವರ್ಣಲತೆ, ನಾಲ್ವರಿಗೂ ನಿಜವಾಗಿ ಆಡಲು ಏನಾದರೂ ಇದೆ. ಎದುರಿಗೆ ಯಯಾತಿ, ಪುರು. ‘ನಾಗಮಂಡಲ’ದಲ್ಲಿ ದೀಪದ ಜ್ವಾಲೆಗಳೇ ಮಾತಾಡುತ್ತವೆ. ಅವು ಹೆಣ್ಣು ದನಿಗಳು, ಎಷ್ಟು ಮಂದಿ ಎಂಬುದು ನಿರ್ದೇಶಕರ ಕೈಯಲ್ಲಿದೆ. ಅಪ್ಪಣ್ಣ ಮತ್ತು ನಾಗ ಇಬ್ಬರನ್ನೂ ಒಬ್ಬನೇ ನಟ ಆಡುವುದರಿಂದ ಗಂಡಸರ ಕೊರತೆಯೂ ನೀಗುತ್ತದೆ.

ಗಂಡು ಪಾತ್ರಗಳನ್ನು ಹೆಣ್ಣುಮಕ್ಕಳಿಗೆ ಕೊಡುವುದು ಇನ್ನೊಂದು ದಾರಿ. ಇದು ಚೆನ್ನಾಗಿಯೇ ಒಪ್ಪುತ್ತದೆ, ಆದರೆ ನಾಟಕದ ಶೈಲಿ ಅದಕ್ಕೆ ಅವಕಾಶ ಕೊಡಬೇಕು. ಮೇಳ, ಸೂತ್ರಧಾರ, ಮುಖವಾಡ ಇರುವ ನಾಟಕಗಳಲ್ಲಿ ಪ್ರೇಕ್ಷಕರು ತಕ್ಷಣ ಒಪ್ಪಿಕೊಳ್ಳುತ್ತಾರೆ. ನಡುಮನೆಯ ಸೋಫಾ, ಕಾಫಿ ಲೋಟ ಇರುವ ವಾಸ್ತವಿಕ ನಾಟಕದಲ್ಲಿ ಅಷ್ಟು ಸುಲಭವಿಲ್ಲ.

ಯಾರಿಗಾಗಿ, ಎಲ್ಲಿ

ಬೆಂಗಳೂರಿನ ರಂಗಶಂಕರದಂಥ ಕಡೆ, 300 ಚಿಲ್ಲರೆ ಆಸನಗಳ ಆಪ್ತ ರಂಗದಲ್ಲಿ, ಮೈಕ್ ಇಲ್ಲದೆ ಪಿಸುಮಾತು ಆಡಿದರೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವುದರಿಂದ ಮೊದಲ ದೃಶ್ಯದಲ್ಲೇ ಮುಖ್ಯ ಸುಳಿವು ಇಟ್ಟರೂ ನಡೆಯುತ್ತದೆ. ಅದೇ ನಾಟಕವನ್ನು ಗಣೇಶೋತ್ಸವದ ಪೆಂಡಾಲಿಗೆ ಒಯ್ದರೆ ಮೊದಲ ಇಪ್ಪತ್ತು ನಿಮಿಷ ಕುರ್ಚಿ ಎಳೆಯುವ ಸದ್ದಿನಲ್ಲಿ ಹೋಗುತ್ತದೆ. ಅಲ್ಲಿಗೆ ಹಾಡಿನಿಂದ, ಮೇಳದಿಂದ ಶುರುವಾಗುವ ನಾಟಕ ಬೇಕು. ಜನ ಕೂತು ನೆಲೆಗೊಳ್ಳಲು ಸಮಯ ಸಿಗುತ್ತದೆ.

ಬಯಲು ಪ್ರದರ್ಶನವಾದರೆ ಗಡಿಯಾರವೂ ಆಯ್ಕೆಯ ಭಾಗ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ಕಾರ ಕೆಲವು ಹಬ್ಬದ ದಿನಗಳಿಗೆ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಬಹುದು. ಸನ್ಮಾನ, ಭಾಷಣ ಮುಗಿದು ಎಂಟೂವರೆಗೆ ನಾಟಕ ಶುರುವಾದರೆ ನಿಮಗೆ ಸಿಗುವುದು ಒಂದೂವರೆ ಗಂಟೆ. ಎರಡೂವರೆ ಗಂಟೆಯ ನಾಟಕ ಆರಿಸಿ ಕೊನೆಯ ಅಂಕವನ್ನು ಓಡಿಸುವ ಬದಲು ಮೊದಲೇ ಒಂದೂ ಕಾಲು ಗಂಟೆಯದನ್ನು ಹುಡುಕಿ. ಹೊರದೇಶದ ಕನ್ನಡ ಕೂಟಗಳಿಗೂ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ರಾಜ್ಯೋತ್ಸವದ ಕಾರ್ಯಕ್ರಮದ ನಡುವೆ ಸಿಗುವುದು ಅರ್ಧ ಗಂಟೆ, ಮುಕ್ಕಾಲು ಗಂಟೆ. ಅಲ್ಲಿಗೆ ಏಕಾಂಕಗಳೇ ಸರಿ. ಕನ್ನಡ ಅರ್ಧಂಬರ್ಧ ತಿಳಿಯುವ ಮಕ್ಕಳೂ ನೋಡುತ್ತಾರಾದ್ದರಿಂದ ಮಾತಿನ ಚಮತ್ಕಾರದ ಮೇಲೆಯೇ ನಿಂತ ನಾಟಕಕ್ಕಿಂತ ಘಟನೆ ಹೆಚ್ಚಿರುವುದು ಒಳ್ಳೆಯದು.

ನಾಟಕದ ಪ್ರತಿ ಎಲ್ಲಿ ಸಿಗುತ್ತದೆ

ಧಾರವಾಡದ ಮನೋಹರ ಗ್ರಂಥಮಾಲಾ, ಹೆಗ್ಗೋಡಿನ ಅಕ್ಷರ ಪ್ರಕಾಶನ, ಈ ಎರಡರ ಪುಸ್ತಕಪಟ್ಟಿ ತರಿಸಿಕೊಂಡರೆ ಕನ್ನಡದ ಮುಖ್ಯ ನಾಟಕಗಳ ದೊಡ್ಡ ಭಾಗ ಕಣ್ಣಿಗೆ ಬೀಳುತ್ತದೆ. ಅಕ್ಷರದಲ್ಲಿ ಹೊರದೇಶದ ನಾಟಕಗಳ ಅನುವಾದವೂ ಹೇರಳ. ಊರಿನ ಗ್ರಂಥಾಲಯದ ಹಳೆಯ ಕಪಾಟನ್ನು ಬಿಡಬೇಡಿ, ಮರುಮುದ್ರಣವಾಗದ ಎಷ್ಟೋ ಏಕಾಂಕಗಳು ಅಲ್ಲೇ ಇವೆ. ನೀನಾಸಂ 1985ರಿಂದ ತಿರುಗಾಟ ನಡೆಸುತ್ತಿದೆ. ರಂಗಾಯಣಗಳೂ ಹೊಸ ನಾಟಕ ಆಡುತ್ತವೆ. ನಿಮ್ಮ ಜಿಲ್ಲೆಗೆ ಬಂದಾಗ ತಂಡದವರೆಲ್ಲ ಹೋಗಿ ನೋಡಿ. ಆದರೆ ವೇದಿಕೆಯ ಮೇಲೆ ನೋಡಿ ಮೆಚ್ಚಿದ ನಾಟಕವನ್ನು ಮರುದಿನ ಪುಸ್ತಕದಲ್ಲಿ ತೆರೆದಾಗ ಬೇರೆಯದೇ ಕಾಣಬಹುದು. ನೀವು ಮೆಚ್ಚಿದ್ದು ನಿರ್ದೇಶಕರ ಕಲ್ಪನೆಯನ್ನೋ, ಬೆಳಕನ್ನೋ, ಸಂಗೀತವನ್ನೋ ಎಂಬುದು ಆಗ ತಿಳಿಯುತ್ತದೆ. ಅವು ಪುಸ್ತಕದ ಜೊತೆ ಬರುವುದಿಲ್ಲ.

ಮಕ್ಕಳ ನಾಟಕವಾದರೆ ವೈದೇಹಿ ಅವರ ಪುಸ್ತಕಗಳಿಂದ ಶುರುಮಾಡಿ.

ಗಟ್ಟಿಯಾಗಿ ಓದಿ

ನಿರ್ದೇಶಕರು ನಾಲ್ಕೈದು ನಾಟಕಗಳನ್ನು ಒಬ್ಬರೇ ಓದಿ ಎರಡಕ್ಕೋ ಮೂರಕ್ಕೋ ಇಳಿಸಲಿ. ಆ ಮೇಲೆ ಒಂದೊಂದು ನಾಟಕಕ್ಕೆ ಒಂದೊಂದು ಸಂಜೆ. ಎಲ್ಲರ ಕೈಯಲ್ಲೂ ಪ್ರತಿ ಇರಲಿ, ಮೊಬೈಲಿನಲ್ಲಿ ಓದುವುದಾದರೆ ಎಲ್ಲರದೂ ಒಂದೇ ಮುದ್ರಣದ ಪುಟವಾಗಿರಲಿ. ಪಾತ್ರ ಹಂಚಬೇಡಿ. ಮೊದಲ ದೃಶ್ಯದಲ್ಲಿ ನಾಯಕನನ್ನು ಓದಿದವರು ಎರಡನೆಯದರಲ್ಲಿ ಕಾವಲುಗಾರನನ್ನು ಓದಲಿ. ಯಾವ ಪಾತ್ರ ಯಾರಿಗೆ ಎಂಬ ಆಸೆ ಮನಸ್ಸಿನಲ್ಲಿ ಕೂತರೆ ನಾಟಕದ ಬಗ್ಗೆ ನಿಜವಾದ ಅಭಿಪ್ರಾಯ ಹೊರಗೆ ಬರುವುದಿಲ್ಲ.

ಓದುವಾಗ ಒಬ್ಬರು ಸುಮ್ಮನೆ ಕೂತು ಗಮನಿಸುತ್ತಿರಬೇಕು. ಎಲ್ಲಿ ಜನ ಪುಟ ಮುಂದೆ ಮಗುಚಿ ಇನ್ನೆಷ್ಟಿದೆ ಎಂದು ನೋಡಿದರು? ಎಲ್ಲಿ ಯಾರೂ ಹೇಳದೆಯೇ ದನಿ ಏರಿತು? ಯಾವ ಜೋಕಿಗೆ ಯಾರೂ ನಗಲಿಲ್ಲ? ಸಮಯವನ್ನೂ ಬರೆದುಕೊಳ್ಳಿ. ಓದಿಗೆ ಒಂದು ಗಂಟೆ ಹಿಡಿದದ್ದು ನಡೆ, ಮೌನ, ದೃಶ್ಯ ಬದಲಾವಣೆ ಸೇರಿ ರಂಗದ ಮೇಲೆ ಒಂದೂ ಕಾಲು ಗಂಟೆಗೆ ಬರುತ್ತದೆ. ಹಾಡುಗಳಿದ್ದರೆ ಅವುಗಳ ಹೊತ್ತು ಬೇರೆ.

ಭಾಷೆಯ ತೊಡಕು ಗೊತ್ತಾಗುವುದೂ ಈ ಓದಿನಲ್ಲೇ. ಚಂದ್ರಶೇಖರ ಕಂಬಾರರ ನಾಟಕಗಳ ಮಾತು ಬೆಳಗಾವಿ ಸೀಮೆಯದು, ಘೋಡಗೇರಿ ಪರಿಸರದ್ದು. ಮೈಸೂರಿನ ಹುಡುಗನೊಬ್ಬ ‘ಬರಾಕ ಹತ್ಯಾನ’ ಎಂಬಂಥ ಮಾತನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದಾಗ ಅದರ ಲಯ ಸತ್ತು ಹೋಗುತ್ತದೆ. ಕಲಿಯಲು ಆಗದೆಂದಲ್ಲ, ಆ ಭಾಗದವರೊಬ್ಬರು ತಂಡದಲ್ಲಿದ್ದು ಮೊದಲ ಎರಡು ವಾರ ಮಾತಿಗೇ ಕೊಟ್ಟರೆ ಬರುತ್ತದೆ. ಆ ಎರಡು ವಾರ ನಿಮ್ಮಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಗೆ ಇದೇ ಕಷ್ಟ ತಿರುಗುಮುರುಗಾಗಿ ಬರುತ್ತದೆ. ಇಂಗ್ಲಿಷ್ ಬೆರೆತ ಆ ಹಳೆಯ ಬೆಂಗಳೂರಿನ ಮನೆಮಾತು ಕಲಬುರಗಿಯ ತಂಡಕ್ಕೆ ಪರಕೀಯ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ನಲ್ಲಿ ಪಾತ್ರ ಕಡಿಮೆ, ರಂಗಸಜ್ಜಿಕೆಯೂ ಸರಳ. ಆದರೆ ಅದು ಸರಳ ರಗಳೆಯಲ್ಲಿದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ತಿಳಿಯದ ನಟನ ಬಾಯಲ್ಲಿ ಅದು ಶಾಲೆಯ ಪದ್ಯ ಒಪ್ಪಿಸಿದಂತೆ ಕೇಳುತ್ತದೆ. ಚೆನ್ನಾಗಿ ಓದುವ ಇಬ್ಬರಿದ್ದರೆ ಅದರಷ್ಟು ಮೈನವಿರೇಳಿಸುವ ಕಿರುನಾಟಕ ಇನ್ನೊಂದು ಸಿಗುವುದು ಕಷ್ಟ.

ಓದಿನ ನಂತರ ನಾಟಕದ ಬಗ್ಗೆ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ನಲವತ್ತು ಸಂಜೆ ಮತ್ತೆ ಮತ್ತೆ ಹೇಳಲು ನಿಮಗೆ ಮನಸ್ಸಿದೆಯೇ? ಚೆನ್ನಾಗಿದೆ, ಪರವಾಗಿಲ್ಲ ಅನ್ನುವ ಉತ್ತರಗಳು ಸಾಲದು. ಕನಿಷ್ಠ ನಿರ್ದೇಶಕರಿಗಾದರೂ ಆ ನಾಟಕ ಹೇಳಲೇಬೇಕಾದ ಮಾತಾಗಿ ತೋರಬೇಕು.

ಹಾಡಿನ ನಾಟಕಕ್ಕೆ ಕೈಹಾಕುವ ಮುನ್ನ

ಕನ್ನಡ ರಂಗಭೂಮಿಗೆ ಹಾಡು ಹೊರಗಿನಿಂದ ಬಂದ ಅಲಂಕಾರವಲ್ಲ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ಯಕ್ಷಗಾನ, ಗುಬ್ಬಿ ಕಂಪನಿಯ ನಾಟಕಗಳು ಎಲ್ಲವೂ ಹಾಡಿನ ಮೇಲೆಯೇ ನಿಂತವು. ಬಿ.ವಿ. ಕಾರಂತರು ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳಿಗೆ ಕೊಟ್ಟ ಮಟ್ಟುಗಳು ನಾಟಕವನ್ನೇ ನೋಡದವರ ಬಾಯಲ್ಲೂ ಇವೆ. ಹಾಗಾಗಿ ಹಾಡಿನ ನಾಟಕದ ಸೆಳೆತ ಸಹಜ. ಕೆಲಸ ಮಾತ್ರ ಎರಡು ಪಟ್ಟು. ಹಾಡು ಕಲಿಯುವುದು, ಹಾಡುತ್ತಾ ನಡೆಯುವುದು, ಹಾಡುತ್ತಾ ನಡೆಯುತ್ತಾ ಪಾತ್ರವಾಗಿ ಉಳಿಯುವುದು, ಈ ಮೂರೂ ಬೇರೆ ಬೇರೆ ತಾಲೀಮುಗಳು.

ಮೊದಲ ಪರೀಕ್ಷೆ ಶ್ರುತಿಯದು. ಒಂದು ಹಾರ್ಮೋನಿಯಂ ತಂದಿಟ್ಟು ನಾಟಕದ ಎರಡು ಹಾಡು ಹಾಡಿಸಿ ನೋಡಿ. ಗಂಡಸರ ಕಂಠ ಸಾಮಾನ್ಯವಾಗಿ ಕರಿ ಒಂದು, ಬಿಳಿ ಎರಡರ ಸುತ್ತ ಹಿಡಿಸುತ್ತದೆ. ಹೆಂಗಸರದು ಕರಿ ನಾಲ್ಕು, ಕರಿ ಐದರ ಆಸುಪಾಸು. ಇಬ್ಬರೂ ಸೇರಿ ಹಾಡುವ ಮೇಳದ ಹಾಡನ್ನು ಯಾವ ಮನೆಗೆ ಕೂರಿಸಿದರೂ ಒಂದು ಪಂಗಡ ಕಿರುಚುತ್ತದೆ ಅಥವಾ ಗೊಣಗುತ್ತದೆ. ಇದಕ್ಕೆ ಪರಿಹಾರವಿದೆ: ಸಾಲುಗಳನ್ನು ಹಂಚುವುದು, ಮೇಳವನ್ನು ಒಂದೇ ಪಂಗಡಕ್ಕೆ ಬಿಡುವುದು, ಮಟ್ಟನ್ನೇ ಮಂದ್ರ–ಮಧ್ಯದಲ್ಲಿ ಇಟ್ಟುಕೊಳ್ಳುವುದು. ಅದನ್ನು ಮಾಡಬಲ್ಲ ಸಂಗೀತ ನಿರ್ವಾಹಕರು ಮೊದಲ ದಿನದಿಂದ ಜೊತೆಗಿರಬೇಕು. ಕೊನೆಯ ಹದಿನೈದು ದಿನಕ್ಕೆ ಬಂದು ಸರಿಮಾಡುತ್ತೇನೆ ಅನ್ನುವವರನ್ನು ನಂಬಿ ಹಾಡಿನ ನಾಟಕ ಹಿಡಿಯಬೇಡಿ.

ಎರಡನೆಯದು, ಮೇಳ ರಂಗದ ಮೇಲೋ ಧ್ವನಿಮುದ್ರಿಕೆಯೋ? ಕುಂಟುತ್ತಲಾದರೂ ಎದುರಿಗೇ ಹಾಡುವ ಮೇಳದ ಪರ ನಾನು. ನಟ ಒಂದು ಮಾತು ಮರೆತರೆ ಹಾರ್ಮೋನಿಯಂನವರು ಒಂದು ಆವರ್ತ ಹೆಚ್ಚು ನುಡಿಸಿ ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ. ಒಂದು ಹಾರ್ಮೋನಿಯಂ, ಒಂದು ತಬಲ ಅಥವಾ ಢೋಲಕ್, ತಾಳ, ಮೂರು ಗಟ್ಟಿ ಕಂಠ, ಇಷ್ಟಿದ್ದರೆ ‘ಜೋಕುಮಾರಸ್ವಾಮಿ’ಯಂಥ ನಾಟಕಕ್ಕೆ ಸಾಕು. ಇಷ್ಟೂ ಒದಗದಿದ್ದರೆ ಎರಡು ಮೂರು ಹಾಡು ಮಾತ್ರ ಇರುವ ಮಾತಿನ ನಾಟಕಕ್ಕೆ ಹೋಗಿ.

ಇಲ್ಲಿ ಹಳೇ ಮೈಸೂರು ಸೀಮೆಯ ಪೌರಾಣಿಕ ನಾಟಕದವರಿಂದ ಕಲಿಯುವುದು ಬಹಳ ಇದೆ. ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವ ರೈತರು, ಮೇಷ್ಟ್ರುಗಳು, ಅಂಗಡಿಯವರು ಮೊದಲು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಯಾರಿಗೆ ಯಾವ ಪಾತ್ರ ಎಂಬುದು ಆ ಮೇಲೆ. ಕೃಷ್ಣನ, ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ ಎಂದು ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುವುದೂ ಉಂಟು. ಕಂದ, ಸೀಸಪದ್ಯಗಳನ್ನು ತಿಂಗಳುಗಟ್ಟಲೆ ರಾತ್ರಿ ಊಟದ ನಂತರ ಕೂತು ಕಲಿಯುತ್ತಾರೆ. ನಾಟಕದ ಕತೆ ಎಲ್ಲರಿಗೂ ಗೊತ್ತು, ಪದ್ಯ ಹೇಗೆ ಹಾಡುತ್ತಾರೆ ಎಂದು ಕೇಳಲೆಂದೇ ಸುತ್ತಲ ಹಳ್ಳಿಯವರು ಬರುತ್ತಾರೆ. ತಮ್ಮ ಜನಕ್ಕೆ ಏನು ಬೇಕು, ತಮ್ಮಲ್ಲಿ ಏನಿದೆ, ಯಾರಿಂದ ಕಲಿಯಬೇಕು ಎಂಬುದು ಅವರಿಗೆ ಇಷ್ಟು ಸ್ಪಷ್ಟವಿದೆ. ನಗರದ ತಂಡಗಳು ಅವರನ್ನು ಹಗುರವಾಗಿ ಕಾಣುವುದು ನನಗೆ ನೋವಿನ ವಿಷಯ.

ದೃಶ್ಯಪಟ್ಟಿ ಮತ್ತು ಖರ್ಚು

ಒಂದು ನಾಟಕದ ಕಡೆ ಮನಸ್ಸು ವಾಲಿತೆಂದಾದರೆ ಚೌಕ ಗೆರೆಯ ಹಾಳೆ ತೆಗೆದುಕೊಂಡು ಮೇಲಿನ ಸಾಲಿನಲ್ಲಿ ದೃಶ್ಯಗಳನ್ನು, ಎಡಗಡೆ ಪಾತ್ರಗಳನ್ನು ಬರೆಯಿರಿ. ಯಾವ ಪಾತ್ರ ಯಾವ ದೃಶ್ಯದಲ್ಲಿದೆಯೋ ಆ ಮನೆಗೆ ಗುರುತು ಹಾಕಿ. ‘ತುಘಲಕ್’ಗೆ ಹೀಗೆ ಪಟ್ಟಿ ಮಾಡಿದರೆ ಅಜೀಜ್–ಆಜಮ್ ಜೋಡಿಯ ಹೆಚ್ಚಿನ ದೃಶ್ಯಗಳು ಸುಲ್ತಾನನಿಲ್ಲದೆ ನಡೆಯುವುದು ಕಾಣುತ್ತದೆ. ಅಂದರೆ ಶನಿವಾರ ಮಾತ್ರ ಬಿಡುವಿರುವ ಇಬ್ಬರಿಗೆ ಆ ಪಾತ್ರ ಕೊಡಬಹುದು. ಒಬ್ಬರೇ ಎರಡು ಪಾತ್ರ ಮಾಡಬಹುದೇ, ನಡುವೆ ಉಡುಪು ಬದಲಿಸಲು ಹೊತ್ತಿದೆಯೇ ಎಂಬುದೂ ಇದೇ ಹಾಳೆಯಲ್ಲಿ ತಿಳಿಯುತ್ತದೆ.

ಖರ್ಚಿನ ಅಂದಾಜಿಗೆ ಸಭಾಂಗಣದ ಬಾಡಿಗೆ, ಬೆಳಕು, ರಂಗಸಜ್ಜಿಕೆ, ಉಡುಪು, ಪ್ರಸಾಧನ, ವಾದ್ಯದವರ ಸಂಭಾವನೆ, ತಾಲೀಮಿನ ಜಾಗ, ಚಹಾ–ತಿಂಡಿ, ಸಾಗಣೆ ಎಲ್ಲವನ್ನೂ ಸೇರಿಸಿ. ಪಾತ್ರ ಕಡಿಮೆಯಾದರೆ ಖರ್ಚು ಕಡಿಮೆ ಎಂಬ ನಂಬಿಕೆ ಎಲ್ಲಾ ಸಲವೂ ನಿಜವಲ್ಲ. ಕಾರ್ನಾಡರ ‘ಒಡಕಲು ಬಿಂಬ’ದಲ್ಲಿ ಇರುವುದು ಒಬ್ಬಳೇ ನಟಿ. ಎದುರಿಗೆ ಪರದೆಯ ಮೇಲೆ ಅವಳದೇ ಬಿಂಬ ಮಾತಾಡುತ್ತದೆ. ಬಿಂಬದ ಮಾತುಗಳನ್ನು ಮೊದಲೇ ಚಿತ್ರೀಕರಿಸಬೇಕು, ಪ್ರತಿ ಪ್ರದರ್ಶನದಲ್ಲೂ ನಟಿ ಅದರ ಬಿಡುವಿಗೆ ಸರಿಯಾಗಿ ಉತ್ತರ ಕೊಡಬೇಕು. ಒಳ್ಳೆಯ ಕ್ಯಾಮೆರಾ, ದೊಡ್ಡ ಪರದೆ, ನಂಬಬಹುದಾದ ತಂತ್ರಜ್ಞ, ಅಸಾಧಾರಣ ನಟಿ ಈ ನಾಲ್ಕೂ ಇದ್ದರೆ ಮಾತ್ರ ಮುಟ್ಟಿ. ‘ಹಯವದನ’ದಲ್ಲಿ ತಲೆಗಳು ಅದಲುಬದಲಾಗುವುದು ಮುಖವಾಡದ ಕೆಲಸ. ಮುಖವಾಡ ಮಾಡುವವರು ಗೊತ್ತಿದ್ದರೆ ಅದು ಅಗ್ಗದಲ್ಲೇ ಆಗುತ್ತದೆ.

ಅನುಮತಿ

ಹಕ್ಕುಸ್ವಾಮ್ಯ ಕಾಯಿದೆ (1957) ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಯ ಹಕ್ಕು ವಾರಸುದಾರರದು. ಕೈಲಾಸಂ 1946ರಲ್ಲಿ ತೀರಿಕೊಂಡರು, ಅವರ ನಾಟಕಗಳು ಈಗ ಮುಕ್ತ. ಶ್ರೀರಂಗರ ನಾಟಕಗಳ ಹಕ್ಕು 2044ರ ಕೊನೆಯವರೆಗೆ ಇದೆ, ಕುವೆಂಪು ಅವರದು 2054, ಲಂಕೇಶರದು 2060, ಕಾರ್ನಾಡರದು 2079. ಷೇಕ್ಸ್‌ಪಿಯರ್ ಮುಕ್ತವಾದರೂ ಅವನ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ. ಹಾಡಿನ ಮಟ್ಟು ಕಟ್ಟಿದವರ ಹಕ್ಕೂ ಬೇರೆ: ಕಾರಂತರು ತೀರಿಕೊಂಡದ್ದು 2002ರಲ್ಲಿ, ಹಾಗಾಗಿ ಅವರ ಮಟ್ಟುಗಳಿಗೂ ಹಕ್ಕು ಇನ್ನೂ ಇದೆ. ಕತೆ, ಕಾದಂಬರಿಯನ್ನು ನಾಟಕ ಮಾಡುವುದಕ್ಕೂ ಒಪ್ಪಿಗೆ ಬೇಕು. ತೇಜಸ್ವಿಯವರ ಕತೆಯನ್ನು ರಂಗಕ್ಕೆ ತರುವ ಆಸೆ ಇರುವವರು ಬರೆಯಲು ಕೂರುವ ಮೊದಲೇ ಕೇಳಿ.

ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ, ಹಣ ಕೊಡದ ಪ್ರೇಕ್ಷಕರಿಗೆ ಆಡಿದರೆ ಕಾಯಿದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಶಾಲೆ–ಕಾಲೇಜಿನೊಳಗೆ, ಅಲ್ಲಿನವರು ಮತ್ತು ಪೋಷಕರ ಎದುರು ಆಡುವುದಕ್ಕೂ ವಿನಾಯಿತಿ ಇದೆ. ಅದರ ಆಚೆಗೆ, ಟಿಕೆಟ್ ಇಟ್ಟರೂ ಯೂಟ್ಯೂಬಿಗೆ ಹಾಕಿದರೂ, ಒಪ್ಪಿಗೆ ಬೇಕೇ ಬೇಕು. ವಿನಾಯಿತಿ ಇದ್ದಾಗಲೂ ಒಂದು ಕಾಗದ ಬರೆಯಿರಿ ಎಂಬುದು ನನ್ನ ಒತ್ತಾಯ. ದಿನಾಂಕ, ಸ್ಥಳ, ಎಷ್ಟು ಪ್ರದರ್ಶನ, ಟಿಕೆಟ್ ಇದೆಯೇ, ಏನಾದರೂ ಕಡಿತ ಮಾಡುತ್ತೀರಾ ಎಂದು ತಿಳಿಸಿ ಪ್ರಕಾಶಕರ ಮೂಲಕ ಕಳುಹಿಸಿದರೆ ಸಾಕು. ನಾಟಕಕಾರರು ನಮ್ಮಲ್ಲಿ ಬರವಣಿಗೆಯಿಂದ ಹಣ ಕಂಡವರಲ್ಲ. ಅವರ ನಾಟಕ ಎಲ್ಲೋ ಒಂದು ತಾಲ್ಲೂಕಿನಲ್ಲಿ ಆಡುತ್ತಿದೆ ಎಂಬ ಸುದ್ದಿಯಾದರೂ ಅವರಿಗೆ ಅಥವಾ ಅವರ ಮನೆಯವರಿಗೆ ತಲುಪಲಿ.

ಜಾತಿ, ಧರ್ಮ, ಕಾಮದ ವಿಷಯವನ್ನು ನೇರವಾಗಿ ಮುಟ್ಟುವ ನಾಟಕವಾದರೆ ಒಪ್ಪಿಗೆ ತಂಡದ ಒಳಗಿನಿಂದಲೂ ಬೇಕು. ಯಾರಾದರೂ ಆಕ್ಷೇಪ ಎತ್ತಿದರೆ ಯಾರು ಮಾತಾಡುತ್ತಾರೆ, ಮನೆಯಲ್ಲಿ ಹೆಣ್ಣುಮಕ್ಕಳಿಗೆ ತೊಂದರೆಯಾದರೆ ಜೊತೆಗೆ ಯಾರು ನಿಲ್ಲುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ. ಆ ಮೇಲೆ ಹಿಂಜರಿಯಬೇಡಿ. ಕನ್ನಡದ ಒಳ್ಳೆಯ ನಾಟಕಗಳಲ್ಲಿ ಹೆಚ್ಚಿನವು ಯಾರಿಗಾದರೂ ಇರಿಸುಮುರಿಸು ತಂದವೇ.

ಒಪ್ಪಿಗೆಯ ಕಾಗದ ಕೈಗೆ ಬಂದ ಮೇಲೆ ಪ್ರದರ್ಶನದ ದಿನಾಂಕ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ತಾಲೀಮಿನ ದಿನಗಳನ್ನು ಬರೆಯಿರಿ. ಮಾತಿನ ನಾಟಕಕ್ಕೆ ಎರಡು ತಿಂಗಳು, ಹಾಡಿನದಕ್ಕೆ ಮೂರು ಇಟ್ಟುಕೊಳ್ಳಿ. ಓದಿ ಬಿಟ್ಟ ನಾಟಕಗಳ ಪ್ರತಿಗಳನ್ನು ಎಸೆಯಬೇಡಿ. ಯಾವ ಪಾತ್ರವನ್ನು ಯಾರು ಚೆನ್ನಾಗಿ ಓದಿದರು, ಯಾವ ಕಾರಣಕ್ಕೆ ಈ ಸಲ ಬೇಡವೆನಿಸಿತು ಎಂದು ಮೊದಲ ಪುಟದಲ್ಲೇ ಬರೆದು, ತಂಡದಲ್ಲಿ ಯಾರ ಮನೆಯಲ್ಲಿ ಕಪಾಟು ಇದೆಯೋ ಅವರಿಗೆ ಕೊಟ್ಟಿಡಿ.